ಮಾತಿಗೆ ಮೂರು ಅಂಕ

ಕಂಪ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಷೌರದಂಗಡಿಯಲ್ಲಿ ಕೂತು ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ದಿನ ನನಗೂ ಬಂದೀತೆಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಬಂತು. ಬರುವ ಶನಿವಾರ ಶಾಲೆಯಲ್ಲಿ ನನ್ನ ಬೀಳ್ಕೊಡುಗೆ. ಫೋಟೋ ತೆಗೆಯುತ್ತಾರೆ, ಕಟ್ಟು ಹಾಕಿಸಿ ಸಿಬ್ಬಂದಿ ಕೋಣೆಯ ಗೋಡೆಗೆ ತೂಗುಹಾಕುತ್ತಾರೆ. ಅಲ್ಲಿ ತೂಗಿಕೊಂಡಿರುವಷ್ಟು ಕಾಲವಾದರೂ ತುಸು ಚಿಕ್ಕವನಾಗಿ ಕಾಣೋಣ ಎಂಬ ಆಸೆ. ಇದಕ್ಕಿಂತ ಘನವಾದ ಕಾರಣ ನನ್ನ ಬಳಿ ಇಲ್ಲ.

ಅಂಗಡಿಯವನು ಬಟ್ಟಲಲ್ಲಿ ಬಣ್ಣ ಕಲಸತೊಡಗಿದ. ಅಮೋನಿಯಾದ ವಾಸನೆ ಮೂಗು ಸುಡುವಂತೆ ಏರಿ ಕಣ್ಣಲ್ಲಿ ನೀರು ಬಂತು. "ಘಾಟು ಆತೇನ್ರಿ ಸರ?" ಎಂದ. ಇಲ್ಲವೆಂದು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನಾನು ಆ ಅಂಗಡಿಯಲ್ಲಿರಲಿಲ್ಲ. ಹೊಸಪೇಟೆಯ ಡ್ಯಾಮ್ ಕಾಲೊನಿಯ ಒಂದು ವರಾಂಡದಲ್ಲಿ, ತಣ್ಣನೆಯ ಸಿಮೆಂಟು ನೆಲದ ಮೇಲೆ, ಇಪ್ಪತ್ತೊಂದು ವರ್ಷದವನಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ನನ್ನ ಮುಂದೆ ಒಂದು ನೀಲಿ ಗೆರೆಯ ನಕ್ಷೆ ಬೋರಲು ಬಿದ್ದಿತ್ತು.

ಆಗೆಲ್ಲ ಕಾಲುವೆಯ ನಕ್ಷೆಗಳ ಪ್ರತಿಯನ್ನು ಅಮೋನಿಯಾದ ಹೊಗೆಯಲ್ಲಿ ತೆಗೆಯುತ್ತಿದ್ದರು. ಸುರುಳಿ ಸುತ್ತಿ ವರ್ಷಗಟ್ಟಲೆ ಇಟ್ಟರೂ ಬಿಚ್ಚಿದ ಕೂಡಲೇ ಆ ಘಾಟು ಹೊಡೆಯುತ್ತಿತ್ತು. ನನ್ನ ಹೈಸ್ಕೂಲಿನ ಗೆಳತಿ ಸುಮಿತ್ರಾಳ ತಂದೆ ನಕ್ಷೆ ಬರೆಯುವ ವಿಭಾಗದಲ್ಲಿದ್ದರು. ತಪ್ಪಾಗಿ ಮೂಡಿದ ಹಾಳೆಗಳನ್ನು ಅವರು ಮನೆಗೆ ತರುತ್ತಿದ್ದರು. ಮುಂದುಗಡೆ ತೂಬು, ಉಪಕಾಲುವೆ, ಅಡಿ ಅಂಗುಲಗಳು, ಹಿಂದುಗಡೆ ಖಾಲಿ. ಆ ಖಾಲಿ ಬದಿಯಲ್ಲಿ ನಾವು ನಾಲ್ವರು ಗೆಳೆಯರು ಒಂದು ಆಟಕ್ಕೆಂದು ಕೆಲವು ಮನುಷ್ಯರನ್ನು ಹುಟ್ಟಿಸಿದೆವು. ಅವರಲ್ಲಿ ಅತ್ಯಂತ ಕಡಿಮೆ ಅಂಕದವನು ನನ್ನವನು.

ಅದಕ್ಕೂ ಮೊದಲು ನಿಮಗೊಂದು ಸಂಗತಿ ಹೇಳಬೇಕು. ಬರವಣಿಗೆಯಲ್ಲಿ ಅದು ನಿಮಗೆ ಕಾಣುವುದಿಲ್ಲ. ಕಾಗದದ ಮೇಲೆ ನಾನು ಬಹಳ ಸರಾಗ. ಬಾಯಿ ಬಿಟ್ಟರೆ ಉಗ್ಗುತ್ತೇನೆ. ಉಗ್ಗುತ್ತಿದ್ದೆ ಅಲ್ಲ, ಉಗ್ಗುತ್ತೇನೆ. ಈ ಪ್ರಬಂಧದ ಕೊನೆಗೆ ನನ್ನ ನಾಲಿಗೆ ನೆಟ್ಟಗಾಗಿ ನಿಮಗೆ ಸಮಾಧಾನವಾಗುತ್ತದೆ ಎಂದು ದಯವಿಟ್ಟು ಕಾಯಬೇಡಿ.

ಚಿಕ್ಕಂದಿನಲ್ಲಿ ನನ್ನ ನಾಲಿಗೆಗೆ ತೇಯ್ದು ಹಚ್ಚಿದ ಬಜೆ ಬೇರನ್ನೆಲ್ಲ ಕೂಡಿಸಿದರೆ ಒಂದು ಹೊರೆಯಾದೀತು. ಹೊಳೆಯ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಪಾಠ ಓದಿಸಿದರು. ಒಂದು ಸಲ ಕಲ್ಲು ನುಂಗಿದೆ, ಉಗ್ಗು ಉಳಿಯಿತು. ಹೀಗಾಗಿ ನಾನೇ ಒಂದು ವಿದ್ಯೆ ಕಲಿತೆ. ಕಷ್ಟದ ಅಕ್ಷರ ಎದುರಿಗೆ ಬರುವುದು ನಮಗೆ ದೂರದಿಂದಲೇ ಕಾಣುತ್ತದೆ. ಕಂಡ ಕೂಡಲೇ ಮಾತನ್ನು ಪಕ್ಕದ ಓಣಿಗೆ ಹೊರಳಿಸಿಬಿಡಬೇಕು. 'ಮೊಸರು' ಬರದಿದ್ದರೆ ಮಜ್ಜಿಗೆಯೂ ಬರುವುದಿಲ್ಲ, ಹಾಗಾಗಿ ಸಾರು ಸಾಕು ಅನ್ನಬೇಕು. ಮ ನನ್ನ ಕಡುವೈರಿ. ನನ್ನ ತಾಯಿಯ ತವರು ಮೆಟ್ರಿ. ಬಸ್ಸಿನಲ್ಲಿ ಮೆಟ್ರಿಗೆ ಟಿಕೀಟು ಕೇಳಲಾಗದೆ, ಅದರ ಮುಂದಿನ ಯಾವುದೋ ಊರಿಗೆ ಟಿಕೀಟು ತೆಗೆದು ಮೆಟ್ರಿಯಲ್ಲೇ ಇಳಿದುಬಿಡುತ್ತಿದ್ದೆ. ಕಂಡಕ್ಟರು ಒಮ್ಮೆ, "ಏನಪಾ, ಊರು ಇನ್ನಾ ಮುಂದ ಐತಲ್ಲ" ಎಂದು ಕೂಗಿದ. ಕೇಳಿಸದವನಂತೆ ನಡೆದೆ. ಅಜ್ಜಿಯ ಮನೆಯಲ್ಲಿ ನನ್ನನ್ನು ಭಾಳ ಶಾಣ್ಯಾ ಹುಡುಗ, ಮಾತು ಕಮ್ಮಿ ಎಂದು ಹೊಗಳುತ್ತಿದ್ದರು.

ಬಿ.ಎಸ್ಸಿ. ಮುಗಿಸಿದ ವರ್ಷ ಸಂಡೂರಿನ ಒಂದು ಗಣಿ ಕಚೇರಿಗೆ ಸಂದರ್ಶನಕ್ಕೆ ಹೋದೆ. ಏನೇನು ಕೇಳಬಹುದೋ ಅದಕ್ಕೆಲ್ಲ ಸುಲಭದ ಅಕ್ಷರಗಳಿಂದ ಶುರುವಾಗುವ ಉತ್ತರಗಳನ್ನು ಕಟ್ಟಿಕೊಂಡು ಹೋಗಿದ್ದೆ. ಅವರು ಮೊದಲು ಕೇಳಿದ್ದು ತಂದೆಯ ಹೆಸರು. ನನ್ನ ತಂದೆ ಮಲ್ಲಪ್ಪ. ಮೊಸರನ್ನು ಬದಲಿಸಬಹುದು, ತಂದೆಯ ಹೆಸರನ್ನು ಏನು ಮಾಡುವುದು? ತುಟಿ ಕೂಡಿಕೊಂಡಿತು, ಬಿಡಿಸಲಾಗಲಿಲ್ಲ. ಎದುರಿಗೆ ಕೂತವರು ಗಡಿಯಾರ ನೋಡಿದರು. ನಾನು "ಈರಪ್ಪ" ಅಂದುಬಿಟ್ಟೆ.

ಅವರು ಕಾಗದ ತಿರುವಿದರು. "ಇಲ್ಲಿ ಮಲ್ಲಪ್ಪ ಅಂತ ಐತಲ್ರೀ. ಅಪ್ಪನ ಹೆಸರ ಗೊತ್ತಿಲ್ಲೇನು?" ಎಂದು ಪಕ್ಕದವರ ಕಡೆ ನೋಡಿ ನಕ್ಕರು.

ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದು ಅಪ್ಪನ ಮುಖ ನೋಡಲಾಗಲಿಲ್ಲ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡಿ ನನ್ನನ್ನು ಓದಿಸಿದವರು. "ಹೆಂಗಾತು?" ಎಂದರು. "ಆಗಲಿಲ್ಲ" ಎಂದೆ. ಹೆಸರಿನ ಸಂಗತಿ ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಇದಾಗಿ ಒಂದು ತಿಂಗಳಿಗೆ ಸುಮಿತ್ರಾ ಊರಿಗೆ ಬಂದಳು. ದೂರದ ಊರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವಳು. ಕಾಮಾಲೆಯಾಗಿ, ಡಾಕ್ಟರು ಒಂದು ವರ್ಷ ಮನೆಯಲ್ಲಿರು ಅಂದಿದ್ದರು. ಕಬ್ಬಿನ ಹಾಲು ಕುಡಿದು, ಉಪ್ಪುಖಾರವಿಲ್ಲದ ಅನ್ನ ಉಂಡು, ಮನೆಯವರ ಮೇಲೆಲ್ಲ ಸಿಡುಕಿ, ಕೊನೆಗೆ ಬೇಸರ ತಡೆಯಲಾಗದೆ ಹಾಸ್ಟೆಲಿನಿಂದ ತಂದ ಒಂದು ಝೆರಾಕ್ಸ್ ಕಟ್ಟನ್ನು ಹೊರತೆಗೆದಳು. ಪರದೇಶದ ಆಟವೊಂದರ ನಿಯಮಗಳಂತೆ. ಹಾಸ್ಟೆಲಿನ ಹುಡುಗಿಯರು ರಜೆಯಲ್ಲಿ ಊಟ ಬಿಟ್ಟು ಆಡುತ್ತಿದ್ದರಂತೆ. ಭಾನುವಾರ ಮಧ್ಯಾಹ್ನ ನಮ್ಮ ಮೂವರನ್ನು ಕರೆಸಿದಳು: ನಾನು, ನಮ್ಮ ಓಣಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಖಾದರ್, ಮತ್ತು ಕಂಪ್ಲಿಯ ಈರಣ್ಣ. ಮೂವರೂ ಅವಳ ಜತೆ ಹೈಸ್ಕೂಲು ಓದಿದವರೇ. ಈರಣ್ಣನ ಮನೆಯವರಿಗೆ ಅಕ್ಕಿ ಗಿರಣಿ, ಕಾಲುವೆ ಕೆಳಗೆ ಎರಡು ಬೆಳೆಯ ಗದ್ದೆ. ಅವನು ಹೊಸ ಮೋಟಾರ್ ಸೈಕಲ್ಲಿನಲ್ಲಿ ಬರುವುದು ಕಾಲೊನಿಯ ಗೇಟಿನಿಂದಲೇ ಕೇಳುತ್ತಿತ್ತು.

"ಇದು ಹಾವು ಏಣಿ ಅಲ್ಲ" ಎಂದು ಸುಮಿತ್ರಾ ಶುರುಮಾಡಿದಳು. "ಒಬ್ಬೊಬ್ರು ಒಂದೊಂದು ಮನುಷ್ಯಾನ್ನ ಮಾಡ್ಕೋಬೇಕು. ನಾ ಕಥಿ ಹೇಳ್ತಾ ಹೋಗ್ತೀನಿ. ಕಥಿಯೊಳಗ ನಿಮ್ಮ ಮನುಷ್ಯಾ ಏನ್ ಮಾಡ್ತಾನ ಅಂತ ನೀವು ಹೇಳ್ಬೇಕು. ಅದು ಆಗ್ತೈತೋ ಇಲ್ಲೋ ದಾಳ ಹೇಳ್ತೈತಿ."

"ಗೆಲ್ಲಾದು ಯಾರು?" ಎಂದ ಈರಣ್ಣ.

"ಯಾರೂ ಗೆಲ್ಲಂಗಿಲ್ಲ."

"ಮತ್ತ್ಯಾಕ ಆಡ್ಬೇಕಲೇ?"

"ಸುಮ್ನ ಕುಂದ್ರು" ಎಂದಳು. ಈರಣ್ಣ ಕೂತ. ಅವಳ ಧ್ವನಿಗೆ ಆ ಶಕ್ತಿ ಇತ್ತು.

ನಿಯಮ ಸರಳ. ಪ್ರತಿ ಮನುಷ್ಯನಿಗೂ ಆರು ಗುಣ. ಝೆರಾಕ್ಸಿನ ಇಂಗ್ಲಿಷನ್ನು ಸುಮಿತ್ರಾ ಕನ್ನಡ ಮಾಡಿದ್ದಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತು. ಒಂದೊಂದು ಗುಣಕ್ಕೂ ಮೂರು ದಾಳ ಒಗೆಯಬೇಕು. ಬಿದ್ದದ್ದನ್ನು ಕೂಡಿಸಿ ಬರೆದುಕೊಳ್ಳಬೇಕು. ತೀರ ಹೆಚ್ಚೆಂದರೆ ಹದಿನೆಂಟು, ತೀರ ಕಡಿಮೆಯೆಂದರೆ ಮೂರು. ಆಮೇಲೆ ಆಟದಲ್ಲಿ ಗೋಡೆ ಹತ್ತಬೇಕೆಂದರೆ, ಬಾಗಿಲು ಒಡೆಯಬೇಕೆಂದರೆ ಮತ್ತೆ ಮೂರು ದಾಳ ಒಗೆಯುವುದು. ಆ ಗುಣದ ಅಂಕದ ಒಳಗೆ ಬಿದ್ದರೆ ಕೆಲಸವಾಯಿತು, ಮೀರಿದರೆ ಕೆಟ್ಟಿತು.

ಈರಣ್ಣ ಒಗೆದ. ಬಲ ಹದಿನೇಳು. ಅದು ತನ್ನದೇ ತೋಳಿನ ಸಾಧನೆ ಎಂಬಂತೆ ಎದೆ ಉಬ್ಬಿಸಿದ. ಖಾದರನಿಗೆ ಚುರುಕು ಹದಿನಾರು. ಅವನು ಕಳ್ಳನಾಗಲು ನಿರ್ಧರಿಸಿದ. ನಾನು ಒಗೆದೆ. ಬಲ ಐದು. ಮೂವರೂ ನಕ್ಕರು, ನಾನೂ ನಕ್ಕೆ. ಚುರುಕು ಆರು. ಖಾದರ್ ನೆಲ ಬಡಿದು ನಕ್ಕ. ತಾಳಿಕೆ ಏಳು, ಬುದ್ಧಿ ಒಂಬತ್ತು, ವಿವೇಕ ಎಂಟು. "ಇಂವಗ ಮದ್ವಿಗೆ ಹೆಣ್ಣು ಕೊಡಂಗಿಲ್ಲ ಯಾರೂ" ಎಂದ ಈರಣ್ಣ. ನಗುತ್ತಲೇ ಕೊನೆಯದನ್ನು ಒಗೆದೆ. ದಾಳಗಳು ಸಿಮೆಂಟಿನ ಮೇಲೆ ಉರುಳಿ ನಿಂತವು. ಒಂದು, ಒಂದು, ಒಂದು.

ಮಾತು: ಮೂರು.

ಇನ್ನೂರ ಹದಿನಾರು ಸಲ ಒಗೆದರೆ ಒಮ್ಮೆ ಬೀಳುವ ಅಂಕ ಅದು. ಯಾರೂ ನಗಲಿಲ್ಲ. ಖಾದರ್ ತನ್ನ ಕಾಲಿನ ಉಗುರು ನೋಡತೊಡಗಿದ. ಈರಣ್ಣ ಕೆಮ್ಮಿದ. ಒಳಗೆ ಸುಮಿತ್ರಾಳ ತಾಯಿ ಅಕ್ಕಿ ಕೇರುವ ಸದ್ದು ಕೇಳುವಷ್ಟು ಮೌನ.

"ದಾಳ ಸರಿ ಬಿದ್ದಿಲ್ಲ" ಎಂದ ಖಾದರ್. "ಮತ್ತೊಮ್ಮಿ ಒಗಿ."

"ಹೂಂ, ಒಗಿ" ಎಂದಳು ಸುಮಿತ್ರಾ, ಝೆರಾಕ್ಸ್ ತಿರುವುತ್ತ. "ತೀರಾ ಕೆಟ್ಟ ಬಿದ್ರ ಹೊಸಾದು ಮಾಡ್ಕೋಬೌದು ಅಂತ ಬರದೈತಿ. ಎಲ್ಲಾ ಆರೂ ಒಗಿ ಬೇಕಾದ್ರ."

ಮೂವರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅದು ನನಗೆ ಗೊತ್ತು. ಆದರೆ ನೋಡಿ, ಬಲಕ್ಕೆ ಐದು ಬಿದ್ದಾಗ ಹೊಟ್ಟೆ ಹಿಡಿದು ನಕ್ಕವರು ಮಾತಿಗೆ ಮೂರು ಬಿದ್ದಾಗ ಸಾವಿನ ಮನೆಗೆ ಬಂದವರಂತೆ ಕೂತಿದ್ದರು. ನಕ್ಕಿದ್ದರೆ ನಾನೂ ನಕ್ಕು ಮತ್ತೆ ಒಗೆಯುತ್ತಿದ್ದೆನೋ ಏನೋ. ಆ ಮೌನ ನನ್ನನ್ನು ಕೆರಳಿಸಿತು. ಸಂಡೂರಿನ ನಗುವಿಗಿಂತ ಅದು ಹೆಚ್ಚು ಉರಿಯಿತು. ನಾನು ದಾಳಗಳನ್ನು ಖಾದರನ ಕಡೆ ತಳ್ಳಿ, ಪೆನ್ಸಿಲ್ ತೆಗೆದುಕೊಂಡು, ಹಾಳೆಯ ಮೇಲೆ 'ಮಾತು' ಎಂದು ಬರೆದು ಅದರ ಮುಂದೆ ದಪ್ಪಗೆ ಮೂರು ಬರೆದೆ.

"ಇ... ಇರ್ಲಿ" ಎಂದೆ.

"ಹಂಗಾರ ಕಥಿಯೊಳಗ ಮಾತಾಡಾಕ ಆಗಂಗಿಲ್ಲ ಇಂವಗ" ಎಂದಳು ಸುಮಿತ್ರಾ ಮೆಲ್ಲಗೆ.

"ಆ... ಆಗ್ತೈತಿ. ತಡ ಆಗ್ತೈತಿ, ಅಷ್ಟ."

ಅವನಿಗೆ ಹುಲುಗಪ್ಪ ಎಂದು ಹೆಸರಿಟ್ಟೆ. ನಮ್ಮ ಕಡೆ ಓಣಿಗೆ ಇಬ್ಬರಾದರೂ ಹುಲುಗಪ್ಪಂದಿರು ಇರುತ್ತಾರೆ. ಜತೆಗೆ ಹ ನನಗೆ ಸ್ನೇಹಿತ ಅಕ್ಷರ. ಬರೀ ಉಸಿರು ಬಿಟ್ಟರೆ ಸಾಕು, ತಾನೇ ಬರುತ್ತದೆ. ಧೈರ್ಯದ ಮಾತು ಆಡಿದ ಮೇಲೂ ಸುಲಭದ ಹೆಸರು ಹುಡುಕಿದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಝೆರಾಕ್ಸಿನಲ್ಲಿ ಹಿಮದ ಬೆಟ್ಟಗಳೂ ರೆಕ್ಕೆಯ ಹಲ್ಲಿಗಳೂ ಇದ್ದವು. ಹಿಮ ಯಾರು ನೋಡಿದ್ದಾರೆ ಎಂದು ಸುಮಿತ್ರಾ ಅದನ್ನೆಲ್ಲ ತೆಗೆದುಹಾಕಿ, ಹಂಪಿಯಂಥ ಬಂಡೆಗಳ ಊರೊಂದನ್ನು ಕಟ್ಟಿದಳು. ಆ ಊರಿನ ದೊರೆ ಕಾಲುವೆಯ ತೂಬು ಮುಚ್ಚಿಸಿ ನೀರನ್ನೆಲ್ಲ ತನ್ನ ತೋಟಕ್ಕೆ ಹರಿಸಿಕೊಂಡಿದ್ದ. ಕೆಳಗಿನ ಹಳ್ಳಿಯ ಗದ್ದೆಗಳು ಒಣಗುತ್ತಿದ್ದವು. ನಾವು ಮೂವರು ಆ ಹಳ್ಳಿಯವರು. ಹೋಗಿ ತೂಬು ತೆರೆಯಬೇಕು. ಈರಣ್ಣನಿಗೆ ಆಟದಲ್ಲಿ ಮನಸ್ಸು ಕೂತದ್ದೇ ಆಗ. ನೀರಿನ ಪಾಳಿಯ ಜಗಳ ಅವನು ಕಣ್ಣಾರೆ ಕಂಡವನು.

ಮೊದಲ ಭಾನುವಾರಗಳಲ್ಲಿ ಹುಲುಗಪ್ಪನ ಫಜೀತಿ ಹೇಳತೀರದು. ಬಂಡೆ ಹತ್ತಲು ಹೋಗಿ ಜಾರಿದ. ಬುತ್ತಿಯ ಗಂಟನ್ನು ಹೊಳೆಗೆ ಬೀಳಿಸಿದ. ಒಂದು ಕೋತಿಯ ಜತೆ ಜಗಳವಾಡಿ ಸೋತ. ಈರಣ್ಣನ ವೀರ ಅವನನ್ನು ಎರಡು ಸಲ ಹೆಗಲ ಮೇಲೆ ಹೊತ್ತು ದಾಟಿಸಿದ. "ನಿನ್ನ ಮನುಷ್ಯಾ ಬುತ್ತಿಕಿಂತ ಭಾರ ಆದನಲೇ" ಎಂದು ಗೊಣಗಿದ. ಆದರೂ ಅಷ್ಟು ಖುಷಿಯಾಗಿ ನಾನು ಎಂದೂ ಇರಲಿಲ್ಲ. ಹದಿನೇಳು ಅಂಕದವನು ಬಾಗಿಲು ಒಡೆದರೆ ಅದರಲ್ಲಿ ಹೇಳುವಂಥದ್ದೇನು? ಐದು ಅಂಕದವನು ಬಾಗಿಲ ಮುಂದೆ ನಿಂತಾಗ ವರಾಂಡದಲ್ಲಿ ಎಲ್ಲರೂ ದಾಳದ ಮೇಲೆ ಬಾಗುತ್ತಿದ್ದರು. ಒಮ್ಮೆ ಅವನು ಒಂದು ಚಿಲಕವನ್ನು ಸರಿಯಾಗಿ ತೆಗೆದ. ಸುಮಿತ್ರಾಳ ತಂದೆ ಒಳಗಿನಿಂದ ಓಡಿಬರುವಷ್ಟು ಗದ್ದಲ ಮಾಡಿದೆವು.

ಐದನೆಯ ಭಾನುವಾರವಿರಬೇಕು, ತೂಬಿನ ಹತ್ತಿರ ಬಂದೆವು. ಅಲ್ಲಿ ಎರಡಾಳು ಎತ್ತರದ ಒಬ್ಬ ಕಾವಲುಗಾರ. ಈರಣ್ಣನ ವೀರ ನುಗ್ಗಿದ; ದಾಳ ಕೈಕೊಟ್ಟು ತೋಳು ಮುರಿಸಿಕೊಂಡ. ಖಾದರನ ಕಳ್ಳ ಪಕ್ಕದಿಂದ ನುಸುಳಲು ಹೋಗಿ ಸಿಕ್ಕಿಬಿದ್ದು ಹೇಗೋ ತಪ್ಪಿಸಿಕೊಂಡ. ಇಬ್ಬರೂ ಬಂಡೆಯ ಮರೆಯಲ್ಲಿ ಕೂತರು.

"ಹುಲುಗಪ್ಪ ಏನ್ ಮಾಡ್ತಾನ?" ಎಂದಳು ಸುಮಿತ್ರಾ.

"ಹೋಗಿ ಮಾ... ಮಾತಾಡ್ತಾನ" ಎಂದೆ.

ಈರಣ್ಣ ತಲೆ ಚಚ್ಚಿಕೊಂಡ. ಮಾತಿಗೆ ಮೂರು ಅಂಕ. ಅಂದರೆ ಮತ್ತೆ ಮೂರೂ ದಾಳದಲ್ಲಿ ಒಂದೊಂದೇ ಬೀಳದ ಹೊರತು ಕಾವಲುಗಾರ ಒಪ್ಪುವುದಿಲ್ಲ. ಸುಮಿತ್ರಾ ಒಂದು ನಿಯಮ ಮಾಡಿದ್ದಳು: ಕತೆಯಲ್ಲಿ ನಮ್ಮ ಮನುಷ್ಯ ಆಡುವ ಮಾತನ್ನು ನಾವೇ ಬಾಯಿಬಿಟ್ಟು ಆಡಬೇಕು, ದಾಳ ಆಮೇಲೆ. ಅವಳು ಎದ್ದು ನಿಂತಳು. ಕಾವಲುಗಾರನ ಗಡಸು ಧ್ವನಿಯಲ್ಲಿ "ಯಾರಲೇ ನೀನು? ಏನ್ ಬೇಕು?" ಎಂದು ಗದರಿದಳು.

ನಾನೂ ಎದ್ದು ನಿಂತೆ. ಹೇಳಬೇಕಾದ್ದು ಇಷ್ಟೇ: ನನ್ನ ಹೆಸರು ಹುಲುಗಪ್ಪ. ನಮ್ಮ ಗದ್ದೆ ಕೆಳಗೆ ಇದೆ. ಬೆಳೆ ಬಾಡುತ್ತಿದೆ, ನೀರು ಬಿಡು. ಬ ಕೂಡ ನನಗೆ ವೈರಿಯೇ. ಬೆಳೆಯ ಬದಲು ಪೈರು ಅನ್ನೋಣವೇ, ಬಾಡುವ ಬದಲು ಒಣಗುವ ಅನ್ನೋಣವೇ ಎಂದು ಮನಸ್ಸು ಎಂದಿನಂತೆ ಓಣಿ ಹುಡುಕತೊಡಗಿತು. ಆಗ ಅನಿಸಿತು, ಹುಲುಗಪ್ಪನಿಗೆ ಮೂರು ಅಂಕ ಎಂದು ಎಲ್ಲರಿಗೂ ಗೊತ್ತು, ಹಾಳೆಯ ಮೇಲೆ ಬರೆದಿದೆ. ಅವನು ಯಾರಿಂದ ಏನು ಮುಚ್ಚಿಡಬೇಕು?

ಹೆಸರು ಹೇಳಿದೆ. ಗದ್ದೆ ಹೇಳಿದೆ. 'ಬೆಳೆ' ಬಂತು, ತುಟಿ ಕೂಡಿಕೊಂಡಿತು.

ಸುಮಿತ್ರಾಳಿಗೆ ಒಂದು ಅಭ್ಯಾಸ. ಹೈಸ್ಕೂಲಿನಿಂದಲೂ ನಾನು ತಡೆದ ಕಡೆಯೆಲ್ಲ ಅವಳೇ ಪದ ತುಂಬಿಸಿಕೊಡುತ್ತಿದ್ದಳು. ಪ್ರೀತಿಯಿಂದಲೇ. ಈಗಲೂ ಅವಳ ಬಾಯಿ ತೆರೆಯಿತು. "ಬೆಳಿ..."

ನಾನು ಕೈ ಎತ್ತಿದೆ. ಉಸಿರು ಹಿಡಿದು ಹೇಳಿದೆ, ಎಷ್ಟು ತಡೆದು ತಡೆದು ಹೇಳಿದೆನೋ ಬರೆಯಲು ಹೋಗುವುದಿಲ್ಲ: "ನೀ ಕಾವಲುಗಾರ. ಕಾವಲುಗಾರಗ ನಾ ಏನ್ ಹೇಳ್ತೀನಂತ ಗೊತ್ತಿಲ್ಲ."

ಅವಳ ಬಾಯಿ ಮುಚ್ಚಿತು. ಮುಖ ಕೆಂಪಾಯಿತು. ಆಮೇಲೆ ಕೈಕಟ್ಟಿ, ನಿಜವಾದ ಕಾವಲುಗಾರನ ಹಾಗೆ, ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಬೆಳೆ ಬಾಡುತ್ತಿದೆ ಎಂದೆ. ನೀರು ಬಿಡು ಎಂದೆ. ಖಾದರನ ಗಡಿಯಾರದ ಪ್ರಕಾರ ನಾಲ್ಕು ನಿಮಿಷ ಹಿಡಿಯಿತಂತೆ. ಆ ನಾಲ್ಕು ನಿಮಿಷದಲ್ಲಿ ಯಾರೂ ನನಗೆ ಒಂದು ಅಕ್ಷರವನ್ನೂ ಕಡ ಕೊಡಲಿಲ್ಲ. ಇಪ್ಪತ್ತೊಂದು ವರ್ಷಗಳಲ್ಲಿ ಅಷ್ಟು ಜನರ ಮುಂದೆ ನಾನು ಶುರುಮಾಡಿದ ಮಾತನ್ನು ನಾನೇ ಮುಗಿಸಿದ್ದು ಅದು ಮೊದಲು.

ದಾಳ ಒಗೆದೆ. ಹನ್ನೊಂದು. ಕಾವಲುಗಾರ ಒಪ್ಪಲಿಲ್ಲ.

ಅಷ್ಟರಲ್ಲಿ ಖಾದರ್ ಗಂಟಲು ಸರಿಮಾಡಿಕೊಂಡ. "ಸುಮಿತ್ರಾ, ಇಂವ ಮಾತಾಡೋ ಹೊತ್ತಿಗೆ ಕಾವಲುಗಾರ ಇಂವನ್ನೇ ನೋಡಾಕತ್ತಿದ್ದ, ಹೌದಿಲ್ಲೋ? ನನ್ನ ಕಳ್ಳ ಹಿಂದಿಂದ ಹೋಗಿ ತೂಬಿನ ಚಕ್ರ ತಿರುವ್ಯಾನ."

ಸುಮಿತ್ರಾ ಯೋಚಿಸಿದಳು. ದಾಳ ಒಗೆಯಲು ಹೇಳಿದಳು. ಖಾದರನಿಗೆ ಎಂಟು ಬಿತ್ತು. ಕತೆಯಲ್ಲಿ ನೀರು ಭೋರೆಂದು ಹರಿಯಿತು. ವರಾಂಡದಲ್ಲಿ ಕುಣಿದಾಡಿದೆವು.

ಈರಣ್ಣ ನನ್ನ ಬೆನ್ನಿಗೆ ಗುದ್ದಿದ. "ಮಸ್ತ್ ಐಡಿಯಾ ಮಾಡಿದೆಲೇ! ಬೇಕಂತ ಉಗ್ಗಿ ಅಂವನ್ನ ನಿಂದ್ರಿಸಿಬಿಟ್ಟಿ!"

ನನಗೆ ಕುಣಿತ ನಿಂತುಹೋಯಿತು. "ಬೇ... ಬೇಕಂತ ಉಗ್ಗಲಿಲ್ಲ" ಎಂದೆ. "ನೀರು ಕೇಳಿದೆ."

"ಅದಽ, ಉಗ್ಗು ಉಪಯೋಗಕ್ಕ ಬಂತು ಅಂತೀನಿ."

"ಉಪಯೋಗಕ್ಕ ಬ... ಬರ್ದಿದ್ರ? ಆವಾಗ ಮಾತಾಡಾಂಗಿಲ್ಲೇನು ನಾನು?"

ಈರಣ್ಣನಿಗೆ ಏನು ತಪ್ಪು ಮಾಡಿದೆನೆಂದು ತಿಳಿಯಲಿಲ್ಲ. ಮೋಟಾರ್ ಸೈಕಲ್ಲು ಹತ್ತಿ ಹೋದ. ಎರಡು ವಾರ ಬರಲಿಲ್ಲ. ಮೂರನೆಯ ವಾರ ಬಂದವನು ಒಂದು ಚೀಲ ಬಾಳೆಹಣ್ಣು ವರಾಂಡದಲ್ಲಿಟ್ಟು, "ನೋಡಪಾ, ನನಗ ಹೇಳಾಕ ಬರಂಗಿಲ್ಲ. ಕುಂದ್ರೋಣು ಆಟಕ್ಕ" ಎಂದ. ಅವನ ಮಾತಿಗೂ ಅವತ್ತು ಹೆಚ್ಚು ಅಂಕವಿರಲಿಲ್ಲ. ಕೂತೆವು.

ಆ ಆಟದಲ್ಲಿ ಪಳಗಿದಂತೆ ಯಾವುದಾದರೂ ಒಂದು ಗುಣಕ್ಕೆ ಒಂದು ಅಂಕ ಏರಿಸಿಕೊಳ್ಳಬಹುದಿತ್ತು. ಒಟ್ಟು ನಾಲ್ಕು ಸಲ ನನಗೆ ಆ ಅವಕಾಶ ಬಂತು. ನಾಲ್ಕು ಸಲವೂ ಸುಮಿತ್ರಾ ಪೆನ್ಸಿಲ್ ಕೈಗೆ ಕೊಟ್ಟು ನನ್ನನ್ನೇ ನೋಡಿದಳು. ನಾಲ್ಕು ಸಲವೂ ತಾಳಿಕೆಗೆ ಹಾಕಿದೆ. ಅವಳಿಗೆ ಕಾಮಾಲೆ ವಾಸಿಯಾಗಿ ವಾಪಸು ಹೋಗುವ ಹೊತ್ತಿಗೆ ಹುಲುಗಪ್ಪನ ತಾಳಿಕೆ ಹನ್ನೊಂದಾಗಿತ್ತು, ಮಾತು ಮೂರರಲ್ಲೇ ಇತ್ತು.

ಅವಳು ಹೋದ ಮೇಲೆ ಆಟ ನಿಂತಿತು. ಕತೆ ಹೇಳುವವರಿಲ್ಲದೆ ನಾವು ಮೂವರು ಒಂದು ಭಾನುವಾರ ಪ್ರಯತ್ನಿಸಿದೆವು. ಈರಣ್ಣ ಕತೆ ಹೇಳಿದ. ಹತ್ತು ನಿಮಿಷದಲ್ಲಿ ಎಲ್ಲರೂ ಸತ್ತೆವು.

ಅವಳು ಹೋದ ಆ ಬೇಸಿಗೆಯಲ್ಲಿ ಕಂಪ್ಲಿಯ ಒಂದು ಖಾಸಗಿ ಹೈಸ್ಕೂಲಿಗೆ ಗಣಿತದ ಮೇಷ್ಟ್ರು ಬೇಕಾಗಿದ್ದಾರೆಂದು ಗೊತ್ತಾಯಿತು. ಉಗ್ಗುವವನು ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕುತ್ತಾನೆಂದಾಗ ಅಮ್ಮ, "ಬ್ಯಾಡಪಾ, ಮಾತಿಲ್ಲದ ಕೆಲಸ ಯಾವ್ದಾರ ನೋಡು" ಎಂದಳು. ಅಪ್ಪ ಬಸ್‌ಸ್ಟ್ಯಾಂಡಿನ ತನಕ ಜತೆಗೆ ಬಂದರು.

ಸಂದರ್ಶನ ಅಂದರೆ ಒಂದು ಮೇಜು, ಮೂರು ಜನ. ಅಧ್ಯಕ್ಷರು, ಕಾರ್ಯದರ್ಶಿ, ಮತ್ತು ದಪ್ಪ ಕನ್ನಡಕದ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. ಕಾರ್ಯದರ್ಶಿ ನನ್ನ ಅರ್ಜಿ ಕೈಯಲ್ಲಿ ಹಿಡಿದು ಕೇಳಿದರು, "ತಂದಿ ಹೆಸರೇನ್ರಿ?"

ತುಟಿ ಕೂಡಿಕೊಂಡಿತು. ಗೋಡೆಯ ಮೇಲಿನ ಫ್ಯಾನು ಈ ಕಡೆಯಿಂದ ಆ ಕಡೆ ತಿರುಗಿ ಮತ್ತೆ ಈ ಕಡೆ ಬಂತು. ಮ, ಮ, ಮ. ಕಿವಿ ಬಿಸಿಯಾಯಿತು. ಕಾರ್ಯದರ್ಶಿಗೆ ಪಾಪ ಅನಿಸಿರಬೇಕು. ಅರ್ಜಿ ನೋಡಿ, "ಮಲ್ಲ..." ಎಂದು ಶುರುಮಾಡಿದರು.

ಕೈ ತಾನಾಗಿ ಮೇಲೆದ್ದಿತು. "ತ... ತಡೀರಿ" ಎಂದೆ. "ನಮ್ಮಪ್ಪನ ಹೆಸರು ನಾ ಹೇಳ್ತೀನಿ."

ಮೂವರೂ ತಡೆದರು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಖಾದರನ ಗಡಿಯಾರ ಅಲ್ಲಿರಲಿಲ್ಲ. ಕಣ್ಣು ಮುಚ್ಚಲಿಲ್ಲ, ತಲೆ ತಗ್ಗಿಸಲಿಲ್ಲ. ಅವರ ಮುಖ ನೋಡುತ್ತಲೇ ಹೇಳಿದೆ. ಮಲ್ಲಪ್ಪ. ಪೂರ್ತಿ ಹೇಳಿದೆ. ಹೇಳಿದ ಮೇಲೆ ಎದೆಯೊಳಗೆ ಏನೋ ಒಂದು ಜಾಗ ಖಾಲಿಯಾಯಿತು. ಇನ್ನು ಈ ಕೆಲಸ ಸಿಕ್ಕರೂ ಸರಿ, ಬಿಟ್ಟರೂ ಸರಿ ಎನ್ನಿಸಿತು.

ಅಧ್ಯಕ್ಷರು ಒಳ್ಳೆಯವರೇ, ನೇರ ಮನುಷ್ಯ. "ಹಿಂಗ ಹೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಡುಗ್ರು ನಗ್ತಾರ್ರೀ" ಎಂದರು.

"ನಗ್ಲಿ ಬಿಡ್ರಿ" ಎಂದೆ. "ಒಂದು ವಾರ ನಗ್ತಾರ. ಆ... ಆಮ್ಯಾಲ ಬ್ಯಾಸರ ಆಗ್ತೈತಿ ಅವ್ರಿಗೆ. ನ... ನನಗ ಲೆಕ್ಕ ಕಲಿಸಾಕ ಬ್ಯಾಸರ ಆಗಂಗಿಲ್ಲ."

ಕನ್ನಡಕದ ಹೆಡ್‌ಮೇಷ್ಟ್ರು ಒಂದು ಸುಣ್ಣದ ಕಡ್ಡಿ ಕೊಟ್ಟು, ಹಲಗೆಯ ಮೇಲೆ ವೃತ್ತದ ಒಂದು ಪ್ರಮೇಯ ಸಾಧಿಸಲು ಹೇಳಿದರು. ಬರೆಯುತ್ತ, ಉಗ್ಗುತ್ತ, ವಿವರಿಸುತ್ತ ಸಾಧಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, "ಇಷ್ಟು ಸಾವಕಾಶ ಹೇಳಿದ್ರ ನಮ್ಮ ಹುಡುಗ್ರಿಗೆ ತಿಳೀತೈತಿ. ನಾ ಜಲ್ದಿ ಜಲ್ದಿ ಹೇಳಿ ಎಷ್ಟ್ ಹುಡುಗ್ರನ್ನ ಫೇಲ್ ಮಾಡೀನೋ ಏನೋ" ಎಂದರು. ಮೊದಲು ಅರ್ಧ ವರ್ಷದ ಮಟ್ಟಿಗೆ ತೆಗೆದುಕೊಂಡರು. ಬಿ.ಎಡ್. ಆಮೇಲೆ ಮಾಡಿಕೊಂಡೆ.

ಹುಡುಗರು ನಕ್ಕದ್ದು ಒಂದು ವಾರವಲ್ಲ. ಮೂರು ವಾರ ನಕ್ಕರು. ನನ್ನ ಲೆಕ್ಕ ತಪ್ಪಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ನನ್ನನ್ನು ಅಣಕಿಸುವುದರಲ್ಲಿ ಹೆಸರು ಮಾಡಿದಳು. ಒಂದು ದಿನ ನಾನು ಒಳಗೆ ಬರುವಾಗಲೇ ಅವಳು ಎದ್ದು ನಿಂತು "ತ, ತ, ತ್ರಿಕೋನ" ಎನ್ನುತ್ತಿದ್ದಳು. ನನ್ನನ್ನು ಕಂಡು ಹೆಪ್ಪುಗಟ್ಟಿದಳು. "ತಪ್ಪು" ಎಂದೆ. "ತ್ರಿಕೋನ ನನಗ ಸ... ಸಲೀಸು. ನನಗ ತ್ರಾಸು ಕೊಡಾದು ಬಿ... ಬಿಂದು. ಬಿಂದು ಮ್ಯಾಲ ಮಾಡು." ತರಗತಿ ಇಡೀ ನಕ್ಕಿತು, ಅವಳೂ ನಕ್ಕಳು, ನಾನೂ ನಕ್ಕೆ. ಆಮೇಲೆ ಬಿಂದುವಿನ ಪಾಠ ಶುರುಮಾಡಿದೆವು.

ಸುಮಿತ್ರಾ ದೂರದ ಊರುಗಳಲ್ಲಿ ಅಣೆಕಟ್ಟುಗಳ ಕೆಲಸದಲ್ಲಿದ್ದಾಗ ಕಾಗದ ಬರೆಯುತ್ತಿದ್ದಳು. ಒಂದು ಕಾಗದದ ನಡುವೆ, ಹವೆ, ಊಟ, ಕೂಲಿಯವರ ಸುದ್ದಿಯ ಮಧ್ಯೆ, ಎರಡು ಸಾಲು: "ನಿನ್ನ ಮಾತು ನಾನು ಪೂರ್ತಿ ಮಾಡುತ್ತಿದ್ದದ್ದು ನಿನಗೆ ಸಹಾಯವೆಂದುಕೊಂಡಿದ್ದೆ. ಅವಸರ ನನ್ನದಾಗಿತ್ತು." ನಾನು ಆ ಸಾಲುಗಳಿಗೆ ಉತ್ತರ ಬರೆಯಲಿಲ್ಲ. ಹವೆಯ ಬಗ್ಗೆ ಬರೆದೆ.

ಈಗಿನ ಹುಡುಗರೂ ಇಂಥ ಆಟ ಆಡುತ್ತಾರಂತೆ. ದಾಳವೇ ಬೇಡ, ಎಲ್ಲರಿಗೂ ಒಪ್ಪವಾದ ಅಂಕಗಳನ್ನು ಸಮನಾಗಿ ಹಂಚಿಕೊಳ್ಳಬಹುದಂತೆ. ಯಾರಿಗೂ ಮೂರು ಬೀಳುವ ಭಯವಿಲ್ಲ. ಒಳ್ಳೆಯದೇ ಇರಬಹುದು. ನನಗೆ ಮಾತ್ರ, ಬಿದ್ದದ್ದನ್ನು ಬರೆದುಕೊಂಡು ಎದ್ದು ಹೊರಟವರ ಜತೆಯೇ ಹೆಚ್ಚು ಇಷ್ಟ.

"ಸರ, ಇನ್ನಾ ಹತ್ತು ನಿಮಿಷ ಬಿಟ್ಟು ತೊಳಿಯೋಣು" ಎಂದ ಅಂಗಡಿಯವನು. ಕನ್ನಡಿಯಲ್ಲಿ ತಲೆತುಂಬ ಕರಿ ಮೆತ್ತಿಕೊಂಡ ಒಬ್ಬ ಮುದುಕ ನನ್ನನ್ನು ನೋಡುತ್ತಿದ್ದ. ಆ ಮುದುಕನ ಬಗ್ಗೆ ಇಷ್ಟು ಹೊತ್ತೂ ನಿಮಗೆ ಹೇಳದೆ ಬಿಟ್ಟ ಸಂಗತಿಯೊಂದಿದೆ.

ಹೋದ ವಾರ ನಮ್ಮ ಈಗಿನ ಹೆಡ್‌ಮೇಷ್ಟ್ರು ನನ್ನ ಬಳಿ ಬಂದಿದ್ದರು. ವಯಸ್ಸಿನಲ್ಲಿ ಚಿಕ್ಕವರು, ನನ್ನ ಮೇಲೆ ಬಹಳ ಗೌರವ. "ಸರ, ಶನಿವಾರ ನಿಮ್ಮ ಭಾಷಣ ಬರ್ದು ಕೊಟ್ಬಿಡ್ರಿ. ಕನ್ನಡ ಮೇಷ್ಟ್ರು ಚಂದಾಗಿ ಓದ್ತಾರ. ಅತಿಥಿಗಳು ಇರ್ತಾರ, ನಿಮಗ್ಯಾಕ ತ್ರಾಸು?" ಎಂದರು. ನಾನು ಆಗಲಿ ಎಂದೆ. ಹೌದು, ನಾನೇ. ಇಷ್ಟೆಲ್ಲ ಜಂಭದಿಂದ ನಿಮಗೆ ಹೇಳಿದ ನಾನೇ ಆಗಲಿ ಎಂದೆ, ಥ್ಯಾಂಕ್ಸ್ ಕೂಡ ಹೇಳಿದೆ. ಎರಡು ಪುಟ ಬರೆದೂ ಇಟ್ಟಿದ್ದೆ. ಅಂಗಡಿಯಿಂದ ಹೋಗುವಾಗ ಕೊಟ್ಟುಹೋಗೋಣವೆಂದು ಅಂಗಿಯ ಜೇಬಿನಲ್ಲಿತ್ತು. ವಯಸ್ಸಾದರೆ ಕೂದಲೊಂದೇ ಬೆಳ್ಳಗಾಗುವುದಿಲ್ಲ.

ಫೋನು ತೆಗೆದೆ. ಫೋನಿನಲ್ಲಿ ಮಾತಾಡುವುದು ನಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟ. ಮುಖ ಕಾಣುವುದಿಲ್ಲವಾದ್ದರಿಂದ ನಾವು ತಡೆದರೆ ಆ ಕಡೆಯವರು ಲೈನು ಕಟ್ಟಾಯಿತೆಂದು ಇಟ್ಟುಬಿಡುತ್ತಾರೆ. ಹೆಡ್‌ಮೇಷ್ಟ್ರು "ಹಲೋ, ಹಲೋ" ಎಂದರು. ಅಂಗಡಿಯವನು ಕತ್ತರಿ ಹಿಡಿದು ನಿಂತುಕೊಂಡ. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಪೇಪರ್ ಮಡಿಚಿ ನನ್ನ ಕಡೆ ನೋಡಿದರು.

"ನಾನ... ನಾನು" ಎಂದೆ. "ಶನಿವಾರದ್ದು. ಭಾ... ಭಾಷಣ ನಾನ ಮಾಡ್ತೀನಿ."

"ಅಯ್ಯೋ ಸರ, ತ್ರಾಸಾಗಬಾರ್ದಂತ..."

"ತ್ರಾಸು ನ... ನನಗಿಲ್ಲ. ಅತಿಥಿಗಳಿಗೆ ಆದ್ರ ಅವ್ರು ತಡ್ಕೊಳ್ಳಿ."

ಅವರು ಸಾವರಿಸಿಕೊಂಡು, "ಆತು ಸರ. ಕಾರ್ಯಕ್ರಮದ ಪಟ್ಟಿ ಅಚ್ಚಿಗೆ ಕಳ್ಸಬೇಕು. ಎಷ್ಟು ಹೊತ್ತು ಅಂತ ಹಾಕ್ಲಿ?" ಎಂದು ಕೇಳಿದರು.

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಗಣಿತದ ಮೇಷ್ಟ್ರು ನಾನು, ಈ ಲೆಕ್ಕ ತಪ್ಪುವಂತಿಲ್ಲ.

"ಮು... ಮು... ಮುಕ್ಕಾಲು ತಾಸು ಹಾಕ್ರಿ" ಎಂದೆ. "ಐದು ನಿಮಿಷದ ಮಾತು ಐತಿ."